ಮಲೆನಾಡಿನ ಹದಗೆಟ್ಟ ರಸ್ತೆಗಳಲ್ಲಿ ದಿನವೂ ಸರಕು ಸಾಗಿಸಲು ಯಾವ ಗಾಡಿ ತಾಳುತ್ತದೆ?

ಪ್ರಶ್ನೆ: ತೀರ್ಥಹಳ್ಳಿಯಿಂದ ಯಡೂರು, ಮಾಸ್ತಿಕಟ್ಟೆ ಕಡೆಯ ಅಂಗಡಿಗಳಿಗೆ ಬ್ರೆಡ್ಡು, ಬಿಸ್ಕತ್ತು ಹಾಗೂ 50 ಕೆಜಿಯ ಪಶು ಆಹಾರದ ಮೂಟೆಗಳನ್ನು ದಿನವೂ ತಲುಪಿಸಬೇಕಾಗಿದೆ. ಹಳೆಯ ಟಾಟಾ ಏಸ್, ಮಾರುತಿ ಈಕೋ ಕಾರ್ಗೋ, ಬೊಲೆರೊ ಪಿಕಪ್ ಈ ಮೂರರಲ್ಲಿ ಯಾವುದು ಸೂಕ್ತವೆಂದು ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ ಸರ್. ಏಸ್ ಮತ್ತು ಪಿಕಪ್ ಎರಡನ್ನೂ ಇದೇ ಭಾಗದಲ್ಲಿ ಓಡಿಸಿದ್ದೇನೆ. ಹಳೆಯ ಗಾಡಿ ಕೊಳ್ಳುವವರು ಎಂಜಿನ್ ಶಬ್ದ ಕೇಳಿ, ಮೀಟರ್ ನೋಡಿ ದರ ಮಾತಾಡುತ್ತಾರೆ. ಆದರೆ ನಮ್ಮ ರಸ್ತೆಗಳಲ್ಲಿ ಎಂಜಿನ್‌ಗಿಂತ ಎಷ್ಟೋ ಮೊದಲೇ ಪ್ಲೇಟು (ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗು), ಬುಷ್ಷು (ಕೀಲುಗಳಲ್ಲಿನ ರಬ್ಬರ್ ತುಂಡು), ಶಾಕ್ ಅಬ್ಸಾರ್ಬರುಗಳು ಕೈಕೊಡುತ್ತವೆ.

2005ರಲ್ಲಿ ಬಂದ ಮೂಲ ಏಸ್‌ಗೆ ಎರಡು ಸಿಲಿಂಡರಿನ 702 ಸಿಸಿ ಡೀಸೆಲ್ ಎಂಜಿನ್ ಇತ್ತು. ಅದರ ರಿಪೇರಿ ಸಣ್ಣ ಊರಿನ ಗ್ಯಾರೇಜಿನಲ್ಲೂ ಆಗುತ್ತದೆ. ಆದರೆ 12 ಇಂಚಿನ ಚಕ್ರ ಗುಂಡಿಯೊಳಗೆ ಪೂರ್ತಿ ಇಳಿಯುವುದರಿಂದ ಹೊಡೆತವೆಲ್ಲ ಪ್ಲೇಟಿಗೆ ಬೀಳುತ್ತದೆ. ಪಿಕಪ್ಪಿನ 15 ಇಂಚಿನ ಚಕ್ರ ಅದೇ ಗುಂಡಿಯನ್ನು ಸಲೀಸಾಗಿ ದಾಟುತ್ತದೆ. ಏಸ್‌ಗೆ ಹದಿನೈದು ಮೂಟೆ ಹೇರಿದರೆ ಅದು ಹೊರಬಲ್ಲ 750 ಕೆಜಿ ತುಂಬಿತು. ಬ್ರೆಡ್ಡಿನ ಟ್ರೇಗಳಿಗೆ ತೂಕವೆಲ್ಲಿದೆ ಎಂದು ಅದರ ಮೇಲೆ ಇನ್ನಷ್ಟು ಹೇರುವ ರೂಢಿಯೇ ಗಾಡಿಯನ್ನು ಹಾಳು ಮಾಡುವುದು.

ಕೊಳ್ಳುವ ಮುನ್ನ ಖಾಲಿ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ. ಒಂದು ಬದಿ ತಗ್ಗಿದ್ದರೆ ಪ್ಲೇಟು ಸೋತಿದೆ ಅಥವಾ ಮುರಿದಿದೆ ಎಂದು ಅನುಮಾನಿಸಬೇಕು. ಬಳಿಕ ಕೆಳಗೆ ಬಗ್ಗಿ, ಪ್ಲೇಟನ್ನು ಆಕ್ಸಲಿಗೆ (ಚಕ್ರಗಳ ಅಚ್ಚಿಗೆ) ಬಿಗಿಯುವ ಯು ಬೋಲ್ಟಿನ ಬುಡಕ್ಕೆ ಟಾರ್ಚ್ ಹಾಯಿಸಿ. ಅಲ್ಲಿ ತಾಜಾ ಕೆಂಪು ತುಕ್ಕಿನ ಪುಡಿ ಕಂಡರೆ ಬೋಲ್ಟು ಸಡಿಲವಾಗಿ ಪ್ಲೇಟುಗಳು ಉಜ್ಜಾಡುತ್ತಿವೆ ಎಂದರ್ಥ; ಹಾಗೆಯೇ ಓಡಿಸಿದರೆ ಪ್ಲೇಟುಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್ ತುಂಡಾಗಿ, ಆಕ್ಸಲ್ ಸರಿದು, ಗಾಡಿ ಅಡ್ಡಡ್ಡಲಾಗಿ ಓಡಿ ಹೊಸ ಟೈರನ್ನೂ ಬೇಗನೆ ಸವೆಸುತ್ತದೆ. ಎಂಜಿನ್ ಸ್ವಲ್ಪ ಹೊಗೆ ಉಗುಳಿದರೂ ಚಿಂತೆಯಿಲ್ಲ, ಚಾಸಿಗೆ (ಗಾಡಿಯ ಅಡಿಚೌಕಟ್ಟಿಗೆ) ವೆಲ್ಡಿಂಗ್ ಮಾಡಿದ ಗುರುತಿದ್ದರೆ ಮಾತ್ರ ಆ ಗಾಡಿಯನ್ನು ಬಿಟ್ಟುಬಿಡಿ.

ಮತ್ತೊಬ್ಬರ ಉತ್ತರ: ಬೇಕರಿ ಸರಕಿಗೆ ಈಕೋ ಬಳಸುತ್ತಿದ್ದೇವೆ. ಮುಚ್ಚಿದ ಗಾಡಿಯಾದ್ದರಿಂದ ಮಳೆಗೆ ಟಾರ್ಪಾಲಿನ ಗೊಡವೆಯಿಲ್ಲ, ಬ್ರೆಡ್ಡು ನೆನೆಯದೆ ತಲುಪುತ್ತದೆ. ಆದರೆ ಹಿಂಭಾಗದಲ್ಲಿ ಪ್ಲೇಟಿನ ಬದಲು ಕಾಯಿಲ್ (ಸುರುಳಿ) ಸ್ಪ್ರಿಂಗ್ ಇರುವುದರಿಂದ ಮೂಟೆ ಹೇರಿದರೆ ಗಾಡಿ ಕೂತುಬಿಡುತ್ತದೆ, ತೋಟದ ರಸ್ತೆಯ ನಡುದಿಣ್ಣೆ ಅಡಿಭಾಗಕ್ಕೆ ತಾಗುತ್ತದೆ. ಪಕ್ಕದ ಬಾಗಿಲಿನ ಹಳಿಯಲ್ಲಿ ಕೆಂಪು ಧೂಳು ಕೂತು ರೋಲರ್ ಸವೆಯುವುದು ಇನ್ನೊಂದು ಕಿರಿಕಿರಿ. ಪಶು ಆಹಾರವೂ ಇರುವ ನಿಮ್ಮ ಕೆಲಸಕ್ಕೆ ಪಿಕಪ್ಪೇ ಸರಿ. ಡೀಸೆಲ್ ಖರ್ಚು ಹೆಚ್ಚಾಗುವುದನ್ನು ಮಾತ್ರ ಬಾಡಿಗೆ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಿ.