ಟೇಕಾಫ್ ಅರ್ಧಕ್ಕೇ ನಿಲ್ಲಿಸಿದ್ರು, ಅಮ್ಮ ಇನ್ಮೇಲೆ ವಿಮಾನನೇ ಬೇಡ ಅಂತಿದಾರೆ

ಬಸವನಗುಡಿ_ಮಗಳು:
ಹೋದ ವಾರ ಅಮ್ಮನ್ನ ಮೊದಲ ಸಲ ವಿಮಾನ ಹತ್ತಿಸ್ಕೊಂಡು ದೇವನಹಳ್ಳಿಯಿಂದ ದೆಹಲಿಗೆ ಹೊರಟಿದ್ದೆ. ಒಳ್ಳೇ ಸ್ಪೀಡ್ ತಗೊಂಡು ಬೆನ್ನು ಸೀಟಿಗೆ ಅಂಟ್ಕೊಂಡಿತ್ತು, ಅಷ್ಟರಲ್ಲಿ ಇಂಜಿನ್ ಸದ್ದು ಇಳಿದುಹೋಯ್ತು, ಬ್ರೇಕ್ ಬಿದ್ದು ಎಲ್ರೂ ಮುಂದಕ್ಕೆ ಮುಗ್ಗರಿಸಿದ್ವಿ, ಅಮ್ಮನ ಮಡಿಲಲ್ಲಿದ್ದ ನೀರಿನ ಬಾಟ್ಲಿ ಉರುಳ್ಕೊಂಡು ನಾಲ್ಕು ಸಾಲು ಮುಂದೆ ಹೋಯ್ತು. ಆಮೇಲೆ ಮುಕ್ಕಾಲು ಗಂಟೆ ಪಕ್ಕದಲ್ಲಿ ಸುಮ್ನೆ ನಿಂತಿದ್ವಿ, ಟೆಕ್ನಿಕಲ್ ಪ್ರಾಬ್ಲಮ್ ಅಂತ ಒಂದೇ ಮಾತು. ಅಮ್ಮ ನನ್ನ ಕೈ ಬಿಡ್ಲೇ ಇಲ್ಲ. ಹಾಳಾಗಿರೋದು ಮೊದ್ಲೇ ಗೊತ್ತಾಗಲ್ವಾ? ಇನ್ನೊಂಚೂರು ತಡ ಆಗಿದ್ರೆ?

ಯಲಹಂಕ_ಸ್ಪ್ಯಾನರ್:
ವಿಮಾನ ರಿಪೇರಿ ಮಾಡೋ ಲೈನ್ ಮೇಂಟೆನೆನ್ಸ್‌ನಲ್ಲಿದ್ದೆ, ಗೊತ್ತಿರೋದು ಹೇಳ್ತೀನಿ. ಕೆಲವು ತೊಂದರೆ ಇಂಜಿನ್‌ಗೆ ಪೂರ್ತಿ ಪವರ್ ಕೊಟ್ಟಾಗ್ಲೇ ತೋರ್ಸೋದು. ಸ್ಪೀಡ್ ಮೀಟರ್ ಸರಿ ಇದ್ಯೋ ಇಲ್ವೋ ಅನ್ನೋದೂ ಓಡಿದ ಮೇಲೇ ಗೊತ್ತಾಗೋದು, ಅದಕ್ಕೇ 80 ಅಥವಾ 100 ನಾಟ್‌ಗೆ (ಗಂಟೆಗೆ ಸುಮಾರು 150 ಅಥವಾ 185 ಕಿ.ಮೀ.) ಇಬ್ರೂ ಪೈಲಟ್‌ಗಳು ತಮ್ಮ ತಮ್ಮ ಮೀಟರ್ ತಾಳೆ ನೋಡ್ತಾರೆ. ಅದರೊಳಗೆ ಸಣ್ಣ ವಾರ್ನಿಂಗ್ ಬಂದ್ರೂ ನಿಲ್ಲಿಸ್ತಾರೆ, ಅದು ದಾಟಿದ್ರೆ ಇಂಜಿನ್ ಫೇಲ್, ಬೆಂಕಿ ಥರದ್ದಕ್ಕೆ ಮಾತ್ರ.

ತಡ ಆಗಿದ್ರೆ ಅಂದ್ರಲ್ಲ, ಅದನ್ನೂ ಲೆಕ್ಕ ಹಾಕಿರ್ತಾರೆ. ತೂಕ, ಗಾಳಿ, ಬಿಸಿಲು, ರನ್‌ವೇ ಉದ್ದ ನೋಡಿ ವಿ-ಒನ್ ಅಂತ ಒಂದು ಸ್ಪೀಡ್ ಇಟ್ಕೊಂಡಿರ್ತಾರೆ. ಅಲ್ಲೀತನಕ ನಿಲ್ಲಿಸಕ್ಕೆ ಜಾಗ ಇರುತ್ತೆ, ಆಮೇಲೆ ಒಂದು ಇಂಜಿನ್ ಹೋದ್ರೂ ಇನ್ನೊಂದರಲ್ಲೇ ಮೇಲೆದ್ದು ಸುತ್ತು ಹೊಡೆದು ವಾಪಸ್ ಇಳಿಯೋದೇ ಕ್ಷೇಮ. ಅದಕ್ಕೇ ವಿ-ಒನ್ ಕೂಗೋವರೆಗೂ ಕ್ಯಾಪ್ಟನ್ ಕೈ ಇಂಜಿನ್ ಪವರ್ ಏರ್ಸಿ ಇಳ್ಸೋ ಥ್ರಸ್ಟ್ ಲಿವರ್ ಮೇಲೇ, ಕೂಗಿದ ತಕ್ಷಣ ಕೈ ತೆಗೀತಾರೆ. ನಮ್ಮೂರು 3000 ಅಡಿ ಎತ್ತರದಲ್ಲಿದೆ, ಗಾಳಿ ತೆಳು, ಜಾಸ್ತಿ ಓಡ್ಬೇಕು, ಆದ್ರೆ ಎರಡೂ ರನ್‌ವೇ 4000 ಮೀಟರ್ ಇವೆ.

ಆಮೇಲೆ ಮುಕ್ಕಾಲು ಗಂಟೆ ನಿಂತಿದ್ದು ಯಾಕೆ ಅಂದ್ರೆ ಬ್ರೇಕ್. ಅಷ್ಟು ತೂಕನ ಆ ಸ್ಪೀಡಲ್ಲಿ ಹಿಡಿದ್ರೆ ಕೆಂಪಗೆ ಕಾಯ್ದಿರತ್ತೆ, ವಿಪರೀತ ಆದ್ರೆ ಚಕ್ರದಲ್ಲಿರೋ ಫ್ಯೂಸ್ ಪ್ಲಗ್ ಕರಗಿ ಟೈರ್ ಸಿಡಿಯೋ ಬದಲು ಗಾಳಿ ಇಳಿದುಬಿಡತ್ತೆ. ತಣ್ಣಗಾಗದೆ ಮತ್ತೆ ಹೊರಡೋ ಹಾಗೇ ಇಲ್ಲ.

ಸಿಮ್_ರಾತ್ರಿಪಾಳಿ:
ಒಂದು ಸೇರಿಸ್ತೀನಿ. ವಿ-ಒನ್ ಆದ್ಮೇಲೂ ನಿಲ್ಲಿಸ್ಬೇಕಾಗೋ ಸಂದರ್ಭ ಇದೆ, ವಿಮಾನ ಹಾರೋದೇ ಇಲ್ಲ ಅಂತ ಗೊತ್ತಾದಾಗ. 2017ರ ಮಾರ್ಚ್‌ನಲ್ಲಿ ಅಮೆರಿಕದ ವಿಲೋ ರನ್ ಏರ್‌ಪೋರ್ಟ್‌ನಲ್ಲಿ ಒಂದು ಎಂಡಿ-83 ವಿಮಾನ, ಕ್ಯಾಪ್ಟನ್ ಎಷ್ಟು ಎಳೆದ್ರೂ ಮೂಗು ಏಳ್ಲಿಲ್ಲ. ನಿಂತಲ್ಲೇ ಬಿರುಗಾಳಿ ಹೊಡೆದು ಬಾಲದ ಎಲಿವೇಟರ್, ಅಂದ್ರೆ ಮೂಗು ಏಳಿಸೋ ರೆಕ್ಕೆ ಥರದ ಪಟ್ಟಿ, ಸಿಕ್ಕಾಕ್ಕೊಂಡಿತ್ತು. ವಿ-ಒನ್ ದಾಟಿದ್ರೂ ನಿಲ್ಲಿಸಿದ್ರು, ವಿಮಾನ ರನ್‌ವೇ ಮೀರಿ ಹೋಯ್ತು, ಒಳಗಿದ್ದ 116 ಜನರೂ ಬದುಕಿದ್ರು. ಪಕ್ಕದಲ್ಲಿ ಕೂತು ಕ್ಯಾಪ್ಟನ್ ಕೆಲಸ ಗಮನಿಸ್ತಿದ್ದ ಚೆಕ್ ಪೈಲಟ್ ಅಡ್ಡ ಬರದೆ ಸುಮ್ನಿದ್ದಿದ್ದೂ ಅಷ್ಟೇ ದೊಡ್ಡದು ಅಂತ ನನಗನ್ಸತ್ತೆ.

ಬಸವನಗುಡಿ_ಮಗಳು:
ತುಂಬಾ ಥ್ಯಾಂಕ್ಸ್. ಅಮ್ಮನ್ನ ಪಕ್ಕ ಕೂರಿಸ್ಕೊಂಡು ಎಲ್ಲ ಓದಿ ಹೇಳಿದೆ, ಆ ಕೈ ತೆಗೆಯೋ ವಿಷಯ ಎರಡು ಸಲ ಓದಿಸಿದ್ರು. ಮುಂದಿನ ತಿಂಗಳು ಟಿಕೆಟ್ ನೋಡ್ಲಾ ಅಂದೆ. ಬೆಳಗಿನ ಫ್ಲೈಟ್ ಇದ್ಯಾ ನೋಡು ಅಂದ್ರು.