ಪದಚರ್ಚೆ: ‘ಸ್ವಾಯತ್ತ ರೋಬಾಟ್’ ಎನ್ನಬಹುದೇ?

ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳಿಗೆ ನೆರವಾಗುವ ರೋಬಾಟುಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ಅಟಾನಮಸ್’ ಎಂಬುದಕ್ಕೆ ‘ಸ್ವಯಂಚಾಲಿತ’, ‘ಸ್ವಾಯತ್ತ’ ಇವೆರಡರಲ್ಲಿ ಯಾವುದು ಸರಿ ಎಂದು ಬಲ್ಲವರಲ್ಲಿ ಕೇಳುತ್ತಿದ್ದೇನೆ.

ನನ್ನ ಮನಸ್ಸಿನಲ್ಲಿರುವುದು ನಾಸಾದ ಏಮ್ಸ್ ಸಂಶೋಧನಾ ಕೇಂದ್ರ ರೂಪಿಸಿದ, 2019ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೇರಿದ ಆಸ್ಟ್ರೋಬೀ ರೋಬಾಟುಗಳು. ಬಂಬಲ್, ಹನಿ, ಕ್ವೀನ್ ಎಂಬ ಹೆಸರಿನ ಈ ಮೂರೂ ಸುಮಾರು 32 ಸೆಂ.ಮೀ. ಅಗಲದ ಘನಾಕೃತಿಗಳು. ಕ್ಯಾಮೆರಾಕ್ಕೆ ಕಂಡದ್ದನ್ನು ಮೊದಲೇ ಸಿದ್ಧಪಡಿಸಿದ ನಕ್ಷೆಯೊಂದಿಗೆ ತಾಳೆ ನೋಡಿ ತಾವೆಲ್ಲಿದ್ದೇವೆಂದು ಅವು ತಿಳಿದುಕೊಳ್ಳುತ್ತವೆ. ಪುಟ್ಟ ತೋಳಿನಿಂದ ಹಿಡಿಕಂಬಿಯನ್ನು ಹಿಡಿದು ನಿಲ್ಲಬಲ್ಲವು. ಚಾರ್ಜ್ ಮಾಡಿಕೊಳ್ಳಲು ತಾವಾಗಿಯೇ ನೆಲೆಗೆ ಮರಳಬಲ್ಲವು. ಸಂಜೆಯಾದೊಡನೆ ಹೊತ್ತಿಕೊಳ್ಳುವ ಬೀದಿದೀಪವನ್ನೂ ನಾವು ‘ಸ್ವಯಂಚಾಲಿತ’ ಎನ್ನುವುದರಿಂದ, ಸುತ್ತಲನ್ನು ಅಳೆದು ನಿರ್ಧರಿಸುವ ಈ ಗುಣಕ್ಕೆ ಆ ಪದ ಸಾಲದು ಎಂಬುದು ನನ್ನ ಖಚಿತ ಅನಿಸಿಕೆ.

‘ಸ್ವಾಯತ್ತ’ ಎಂದರೆ ತನಗೆ ತಾನೇ ಅಧೀನವಾದದ್ದು; ‘ದೈವಾಯತ್ತ’ದಲ್ಲಿರುವ ‘ಆಯತ್ತ’ವೇ ಇಲ್ಲಿಯದೂ. ಆದರೆ ಇದು ಆಡಳಿತದ ಮಾತು, ಯಂತ್ರಕ್ಕೆ ಒಗ್ಗದು ಎಂಬ ಆಕ್ಷೇಪ ಬರಬಹುದು. ನನಗೆ ಅದು ಒಪ್ಪಿಗೆಯಿಲ್ಲ. ಸ್ವಾಯತ್ತ ಕಾಲೇಜು ಪಠ್ಯಕ್ರಮವನ್ನೂ ಪರೀಕ್ಷೆಯನ್ನೂ ತಾನೇ ನಡೆಸಿಕೊಂಡರೂ ಪದವಿ ಕೊಡುವುದು ವಿಶ್ವವಿದ್ಯಾಲಯವೇ; ಹಾಗೆಯೇ ಈ ರೋಬಾಟು ಸಾಗುವಾಗ ತನ್ನನ್ನು ತಾನೇ ನಿಭಾಯಿಸಿಕೊಂಡರೂ ಕೆಲಸವನ್ನು ಒಪ್ಪಿಸುವುದು ಭೂಮಿಯ ಮೇಲಿನ ನಿಯಂತ್ರಕರು ಅಥವಾ ಸಂಶೋಧಕರು. ಎಲ್ಲೆಯೊಳಗಿನ ಸ್ವಾತಂತ್ರ್ಯವೆಂಬ ಅರ್ಥ ಈ ಪದದಲ್ಲಿ ಆಗಲೇ ನೆಲೆಗೊಂಡಿದೆ. ಇದೇ ರೋಬಾಟನ್ನು ದೂರದಿಂದ ನೇರವಾಗಿ ನಡೆಸುವುದೂ ಉಂಟಾದ್ದರಿಂದ, ‘ಸ್ವಾಯತ್ತ ರೋಬಾಟ್’ ಎನ್ನುವುದಕ್ಕಿಂತ ‘ಸ್ವಾಯತ್ತವಾಗಿ ಚಲಿಸಬಲ್ಲ ರೋಬಾಟ್’ ಎಂದು ವಿಶೇಷಣವನ್ನು ಕ್ರಿಯೆಗೆ ಹೊಂದಿಸುವುದು ಹೆಚ್ಚು ನಿಖರವೆಂದು ತೋರುತ್ತದೆ. ಇದನ್ನು ಒಪ್ಪುವಿರಾ?

ಇದಕ್ಕೆ ಹೊಂದಿಕೊಂಡ ಇನ್ನೊಂದು ಪ್ರಶ್ನೆಯೂ ಇದೆ. ಆಸ್ಟ್ರೋಬೀ ನಿಲ್ದಾಣದೊಳಗಿನ ಗಾಳಿಯನ್ನು ಫ್ಯಾನಿನಿಂದ ಒಳಗೆಳೆದು, ಬೇಕಾದ ದಿಕ್ಕಿನ ನಳಿಕೆಯಿಂದ ಹೊರದೂಡಿ ಮುಂದೆ ಸಾಗುತ್ತದೆ. ‘ಹಾರುತ್ತದೆ’ ಎಂದರೆ ರೆಕ್ಕೆ ಕಣ್ಣಮುಂದೆ ಬರುತ್ತದೆ. ‘ತೇಲುತ್ತದೆ’ ಎಂದರೆ ಸ್ವಂತ ಯತ್ನವಿಲ್ಲದೆ ಹರಿವಿನೊಂದಿಗೆ ಹೋದಂತಾಗುತ್ತದೆ. ಸುತ್ತಲಿನದನ್ನು ಹಿಂದಕ್ಕೆ ತಳ್ಳಿ ಮುನ್ನಡೆಯುವ ಕ್ರಿಯೆಗೆ ಕನ್ನಡದಲ್ಲಿ ‘ಈಜು’ ಇದೆಯಾದರೂ ಅದು ನೀರಿಗೆ ಅಂಟಿದ ಪದ. ‘ಗಾಳಿಯಲ್ಲಿ ಈಜುತ್ತದೆ’ ಎಂದು ವಿಜ್ಞಾನದ ಬರಹದಲ್ಲಿ ಬರೆದರೆ ಓದುಗರಿಗೆ ಅದು ಅಲಂಕಾರವಾಗಿ ಕೇಳಿಸೀತೇ, ವಿವರಣೆಯಾಗಿ ಕೇಳಿಸೀತೇ? ಹಳೆಯ ಅಥವಾ ಪ್ರಾದೇಶಿಕ ಬಳಕೆಯಲ್ಲಿ ಬೇರೆ ಕ್ರಿಯಾಪದವಿದ್ದರೆ ದಯವಿಟ್ಟು ಉದಾಹರಣೆಯೊಂದಿಗೆ ತಿಳಿಸಿ.