ಅಪ್‌ಡೇಟ್: 0.2% ಬಣ್ಣ ತೂಗುವ ಸಮಸ್ಯೆ ಬಗೆಹರಿಯಿತು (ಶಿರಸಿ)

ಹೊಸಬರಿಗಾಗಿ: ಮೇಣದಬತ್ತಿ ಮಾಡಲು 500 ಗ್ರಾಂ ಪ್ಯಾರಾಫಿನ್ ಮೇಣಕ್ಕೆ 0.2% ಕೆಂಪು ಬಣ್ಣದ ಪುಡಿ, ಅಂದರೆ ಬರೀ 1 ಗ್ರಾಂ ಬೇಕು. ಅಡುಗೆಮನೆಯ ತೂಕದ ಯಂತ್ರಕ್ಕೆ 1 ಗ್ರಾಂಗಿಂತ ಕೆಳಗೆ ಕಣ್ಣಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ.

ಕೆಲವರು ಚಿನ್ನದಂಗಡಿಯಲ್ಲಿರುವಂಥ 0.01 ಗ್ರಾಂ ಯಂತ್ರ ತಗೊಳ್ಳಿ ಅಂದ್ರಿ. ಕುಮಟಾದವರೊಬ್ಬರು ಮಾತ್ರ ಮೊದಲು ಬಣ್ಣದ ಗಟ್ಟಿ ಮಾಡಿಟ್ಕೊಳ್ಳಿ ಅಂದಿದ್ರು. ಅದನ್ನೇ ಮಾಡಿದೆ. 90 ಗ್ರಾಂ ಮೇಣವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, 10 ಗ್ರಾಂ ಪುಡಿ ಹಾಕಿ, ತಳದಲ್ಲಿ ಒಂದು ಚುಕ್ಕೆಯೂ ಉಳಿಯದಂತೆ ಕಲಕಿ, ಬಟರ್ ಪೇಪರ್ ಮೇಲೆ ತೆಳ್ಳಗೆ ಹೊಯ್ದೆ. ಆರಿದ ಮೇಲೆ ಚಿಕ್ಕಿ ಥರ ಮುರಿಯುತ್ತೆ. ಈಗ ಇದರ 10 ಗ್ರಾಂ (ಅದರಲ್ಲಿ ಪುಡಿ 1 ಗ್ರಾಂ), ಜೊತೆಗೆ 490 ಗ್ರಾಂ ಬರಿ ಮೇಣ, ಅಷ್ಟೇ.

ಯಂತ್ರ ಅರ್ಧ ಗ್ರಾಂ ಆಚೀಚೆ ತೋರಿಸಿದರೂ ಬಣ್ಣದಲ್ಲಿ ಆಗುವ ವ್ಯತ್ಯಾಸ 0.05 ಗ್ರಾಂ. ಪುಡಿಯನ್ನೇ ತೂಗಿದ್ರೆ ಅದೇ ಅರ್ಧ ಗ್ರಾಂಗೆ ಅರ್ಧಕ್ಕರ್ಧ ಬಣ್ಣ ಏರುಪೇರು! ಗಟ್ಟಿ ಮಾಡುವಾಗಲೇ ತುಸು ತಪ್ಪಿರಬಹುದು, ನಿಜ. ಆದರೆ ಆ ಗಟ್ಟಿಯಿಂದ ಮಾಡಿದ ಎಲ್ಲಾ ಮೇಣದಬತ್ತಿಗೂ ಅದೇ ತಪ್ಪು, ಹಾಗಾಗಿ ಒಂದೇ ಕೆಂಪು. ಗಿರಾಕಿಗೆ ಬೇಕಾದ್ದು ಅದೇ ತಾನೆ.

ಯಾವ ಯಂತ್ರವಾದರೂ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಬೇಡಿ, ಕೆಲವು ಯಂತ್ರ ಅದನ್ನು ಲೆಕ್ಕಕ್ಕೇ ಹಿಡಿಯಲ್ಲ. ಬಟ್ಟಲು ಎತ್ತಿ ಮತ್ತೆ ಇಟ್ಟು ನೋಡಿ.

ನಮ್ಮ ಕಡೆ ಸಿಗುವ ಹಳದಿ ಜೇನುಮೇಣಕ್ಕೆ ಲೆಕ್ಕ ಇದೇ, ಬಣ್ಣ ಮಾತ್ರ ಬೇರೆ: ನೀಲಿ ಹಾಕಿದ್ರೆ ಹಸಿರಿಗೆ ತಿರುಗುತ್ತೆ. ಮೇಣ ಗಟ್ಟಿಯಾಗಲೆಂದು ಸೇರಿಸುವ ಸ್ಟಿಯರಿಕ್ ಆಸಿಡ್‌ಗೆ ಈ ಕಸರತ್ತೆಲ್ಲ ಬೇಡ. 5% ಅಂದರೆ 25 ಗ್ರಾಂ, ನೇರ ತೂಗಿ ಹಾಕಿ.